ಕಡಲು ಬಿಟ್ಟ ವರ್ತಕರು

ಉಪ್ಪು, ಮೀನು. ಇವೆರಡನ್ನು ಬಿಟ್ಟರೆ ವೆನಿಸ್‌ಗೆ ತನ್ನದೆಂದು ಹೇಳಿಕೊಳ್ಳಲು ಏನೂ ಇರಲಿಲ್ಲ. ಇಟಲಿಯ ಈಶಾನ್ಯ ಮೂಲೆಯ ಹಿನ್ನೀರಿನ ಕೆಸರುದಿಬ್ಬಗಳಲ್ಲಿ ಮರದ ಕಂಬ ಹೂಳಿ, ಅದರ ಮೇಲೆ ಕಟ್ಟಿಕೊಂಡ ಊರು ಅದು. ಉಳಲು ಹೊಲವಿಲ್ಲ. ಸುತ್ತ ನೀರಿದ್ದರೂ ಕುಡಿಯಲು ಮಳೆನೀರನ್ನೇ ಅಂಗಳದ ತೊಟ್ಟಿಗಳಲ್ಲಿ ಹಿಡಿದಿಡಬೇಕು. ಆರನೇ ಶತಮಾನದಲ್ಲಿ ಲೊಂಬಾರ್ಡರ ದಾಳಿಗೆ ಹೆದರಿ ಒಳನಾಡಿನಿಂದ ಓಡಿಬಂದವರು ಇಲ್ಲಿ ನೆಲೆ ಕಂಡುಕೊಂಡರು. ಅವರ ಪೀಳಿಗೆಯವರು ಅರಸೊತ್ತಿಗೆಯಿಲ್ಲದ ಗಣರಾಜ್ಯ ಕಟ್ಟಿ, ಯುರೋಪಿಗೆ ಹೋಗುವ ಮೆಣಸಿನ ವ್ಯಾಪಾರವನ್ನು ಕೈಯಲ್ಲಿ ಹಿಡಿದರು.

ಈ ಏಳಿಗೆಗೆ ಕಾರಣವೇನೆಂದರೆ ಹೆಚ್ಚಿನವರು ಅದರ ನೌಕಾಪಡೆಯನ್ನು ತೋರಿಸುತ್ತಾರೆ. ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ 1082ರಲ್ಲಿ ತನ್ನ ಬಂದರುಗಳಲ್ಲಿ ವೆನಿಸ್‌ನವರಿಗೆ ಸುಂಕ ಮನ್ನಾ ಮಾಡಿದ್ದು ಆ ಪಡೆಯ ನೆರವಿಗೆ ಪ್ರತಿಫಲವಾಗಿಯೇ. ಆದರೆ ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕಾರಣ ‘ಕೊಲೆಗಾಂತ್ಸಾ’ ಎಂಬ ಪಾಲುಗಾರಿಕೆಯ ಕರಾರುಪತ್ರ. ಹಣವಿದ್ದವನು ಊರಲ್ಲೇ ಇರುತ್ತಾನೆ. ಹಣವಿಲ್ಲದ ಹುಡುಗ ಅವನ ಬಂಡವಾಳ ಹೊತ್ತು ಹಡಗು ಹತ್ತುತ್ತಾನೆ. ಹಿಂತಿರುಗಿದ ಮೇಲೆ ಲೆಕ್ಕ. ಲಾಭದಲ್ಲಿ ರೂಪಾಯಿಗೆ ಹನ್ನೆರಡಾಣೆ ಹಣ ಹಾಕಿದವನಿಗೆ, ನಾಲ್ಕಾಣೆ ಕಡಲು ದಾಟಿದವನಿಗೆ. ಹುಡುಗನೂ ಮೂರನೇ ಒಂದು ಪಾಲು ಬಂಡವಾಳ ಹಾಕಿದ್ದರೆ ಲಾಭ ಸಮಪಾಲು. ಹಡಗು ಮುಳುಗಿದರೆ ಬಡವನ ಮನೆ ಹರಾಜಿಗೆ ಬರುತ್ತಿರಲಿಲ್ಲ. ಹೀಗೆ ನಾಲ್ಕಾರು ಯಾನ ಮುಗಿಸಿದವನು ಸ್ವಂತ ಬಂಡವಾಳ ಕೂಡಿಸಿಕೊಂಡು ತಾನೇ ಹಣ ಹೂಡುವವನಾಗಬಹುದಿತ್ತು, ಊರನ್ನಾಳುವ ಮಹಾಸಭೆಯಲ್ಲಿ ಕೂರಬಹುದಿತ್ತು. ಹಳೆಯ ಪಟ್ಟಿಗಳಲ್ಲಿ ಹೊಸ ಮನೆತನಗಳ ಹೆಸರು ಮತ್ತೆ ಮತ್ತೆ ಕಾಣಿಸುವುದು ಇದರಿಂದಲೇ. ಹುಟ್ಟೇ ಎಲ್ಲವನ್ನೂ ನಿರ್ಧರಿಸುತ್ತಿದ್ದ ಕಾಲದಲ್ಲಿ ಇದು ಎಂಥ ದೊಡ್ಡ ಮಾತು!

ಅಧಿಕಾರ ಒಬ್ಬನ ಕೈಗೆ ಸೇರದಂತೆ ನೋಡಿಕೊಂಡದ್ದೂ ಅಷ್ಟೇ ಎಚ್ಚರದಿಂದ. ಗಣರಾಜ್ಯದ ಮುಖ್ಯಸ್ಥನಾದ ಡೋಜ್‌ನ ಆಯ್ಕೆಗೆ 1268ರಲ್ಲಿ ಗೊತ್ತುಮಾಡಿದ ಕ್ರಮವನ್ನು ನೋಡಿ. ಮಹಾಸಭೆಯಿಂದ ಚೀಟಿ ಎತ್ತಿದಂತೆ ಮೂವತ್ತು ಜನ. ಅವರಲ್ಲಿ ಮತ್ತೆ ಹಾಗೆಯೇ ಒಂಬತ್ತು ಜನ. ಈ ಒಂಬತ್ತು ಜನ ನಲವತ್ತು ಜನರನ್ನು ಆರಿಸಬೇಕು, ಅವರು ಹನ್ನೆರಡಕ್ಕೆ ಇಳಿಯಬೇಕು. ಹೀಗೆ ಒಮ್ಮೆ ಅದೃಷ್ಟ, ಒಮ್ಮೆ ಮತ ಎಂದು ಸಾಗಿ, ಕೊನೆಗೆ ಉಳಿದ ನಲವತ್ತೊಂದು ಜನರಲ್ಲಿ ಇಪ್ಪತ್ತೈದು ಮತ ಬಿದ್ದವನೇ ಡೋಜ್. ಯಾವ ಮನೆತನವೂ ಮೊದಲೇ ಲೆಕ್ಕ ಹಾಕಿ ಗೆಲ್ಲಲಾಗದ ಏರ್ಪಾಡು.

ಇದೇ ವೆನಿಸ್ 1204ರಲ್ಲಿ ಕಾನ್‌ಸ್ಟಾಂಟಿನೋಪಲ್ಲನ್ನು ಸುಲಿಯಿತು. ಧರ್ಮಯುದ್ಧಕ್ಕೆ ಹೊರಟ ಕ್ರೈಸ್ತರು 33,500 ಜನರ ಸಾಗಣೆಗೆ ವೆನಿಸ್‌ಗೆ 85,000 ಬೆಳ್ಳಿ ಮಾರ್ಕ್ ಕೊಡುವ ಕರಾರು ಮಾಡಿಕೊಂಡಿದ್ದರು. ಬಂದವರು ಅಷ್ಟಿಲ್ಲ, ಹಣವೂ ಇಲ್ಲ. ಕಣ್ಣು ಕಾಣದ ಮುದಿ ಡೋಜ್ ಎನ್ರಿಕೊ ದಾಂದೊಲೊ ಆ ಸೇನೆಯನ್ನು ಮೊದಲು ಜಾರಾ ಪಟ್ಟಣದ ಮೇಲೆ ತಿರುಗಿಸಿದ. ಕೊನೆಗೆ ಅದು ಎರಗಿದ್ದು ತನ್ನದೇ ಧರ್ಮದವರ ಆ ಮಹಾನಗರದ ಮೇಲೆ. ವೆನಿಸ್‌ನ ರಕ್ಷಕ ಸಂತ ಮಾರ್ಕ್‌ನ ಇಗರ್ಜಿಯ ನಾಲ್ಕು ಕಂಚಿನ ಕುದುರೆಗಳು ಅಲ್ಲಿಂದ ತಂದ ಕೊಳ್ಳೆ. ವೆನಿಸ್‌ನ ವೈಭವ ಹೇಳುವಾಗ ಈ ಪಾಪವನ್ನು ಬದಿಗಿಡುವುದು ನನ್ನಿಂದಾಗದು.

1284ರಲ್ಲಿ ವೆನಿಸ್ ಚಿನ್ನದ ಡ್ಯುಕಾಟ್ ನಾಣ್ಯ ಟಂಕಿಸಿತು. ಸುಮಾರು ಮೂರೂವರೆ ಗ್ರಾಂ, ಹೆಚ್ಚುಕಡಿಮೆ ಅಪರಂಜಿ. ಒಂದು ಬದಿಯಲ್ಲಿ ಮಂಡಿಯೂರಿದ ಡೋಜ್‌ಗೆ ಸಂತ ಮಾರ್ಕ್ ಧ್ವಜ ಕೊಡುತ್ತಿದ್ದಾನೆ. ಇನ್ನೊಂದು ಬದಿಯಲ್ಲಿ ನಕ್ಷತ್ರಗಳ ನಡುವೆ ಕ್ರಿಸ್ತ. ಐನೂರು ವರ್ಷ ಆ ಚಿತ್ರವೂ ಬದಲಾಗಲಿಲ್ಲ, ಚಿನ್ನದ ಮಟ್ಟವೂ ತಗ್ಗಲಿಲ್ಲ. ಮೆಣಸಿನ ಬೆಲೆಯಾಗಿ ಅಲೆಕ್ಸಾಂಡ್ರಿಯಾ ದಾಟಿ ಅದು ನಮ್ಮ ಪಶ್ಚಿಮ ಕರಾವಳಿಗೂ ಬಂತು. ಇಲ್ಲಿನ ಅಕ್ಕಸಾಲಿಗರು ಅದರ ನಕಲು ತಯಾರಿಸಿದರು. ದಖ್ಖನಿನ ಪುತಳಿ ಸರದ ಬಿಲ್ಲೆಗಳ ಮೂಲ ಈ ನಾಣ್ಯವೇ.

ತಿರುವು ಬಂದದ್ದು 1297ರಲ್ಲಿ. ಮಹಾಸಭೆಯಲ್ಲಿ ತಾವೋ ತಮ್ಮ ಹಿರಿಯರೋ ಕೂತಿದ್ದವರಿಗೇ ಇನ್ನು ಮುಂದೆ ಜಾಗ ಎಂದಾಯಿತು. ಕೆಲವೇ ದಶಕಗಳಲ್ಲಿ ಸದಸ್ಯತ್ವ ಅಪ್ಪನಿಂದ ಮಗನಿಗೆ ಬರುವ ಆಸ್ತಿಯಾಯಿತು. ಲಾಭದ ದೂರಯಾನಗಳಿಗೆ ಸರ್ಕಾರವೇ ಗ್ಯಾಲಿ ಹಡಗು ಕಟ್ಟಿಸಿ ಹರಾಜು ಹಾಕತೊಡಗಿತು, ಕೂಗುವ ಹಕ್ಕು ಮಾತ್ರ ಶ್ರೀಮಂತ ಮನೆತನಗಳದ್ದು. ಕಡಲು ದಾಟಿ ಮೇಲೆ ಬರುವ ಬಡವನ ದಾರಿ ಅಲ್ಲಿಗೆ ಕಿರಿದಾಯಿತು. ಪರಿಣಾಮ ತಕ್ಷಣ ಕಾಣಲಿಲ್ಲ. ವೆನಿಸ್‌ನ ಅತ್ಯಂತ ಸಿರಿವಂತ ದಿನಗಳು ಇದರ ನಂತರವೇ ಬಂದವು. ಕೂಡಿಟ್ಟ ಬಂಡವಾಳ ಎಷ್ಟೋ ತಲೆಮಾರು ಕಾಯುತ್ತದೆ.

ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದದ್ದೇ ವೆನಿಸ್ ಮುಳುಗಲು ಕಾರಣ ಎಂದು ಶಾಲೆಯಲ್ಲಿ ಓದಿದ್ದೇವೆ. ಪೆಟ್ಟು ಬಿದ್ದದ್ದು ನಿಜ. ಆದರೆ ಹದಿನಾರನೇ ಶತಮಾನದ ನಡುವೆ ಕೆಂಪು ಸಮುದ್ರದ ಮೂಲಕ ವೆನಿಸ್‌ಗೆ ಬರುವ ಮೆಣಸಿನ ದಾರಿ ಮತ್ತೆ ಚೇತರಿಸಿಕೊಂಡಿತ್ತು. ಸಾಹಸಿಗಳೂ ಇದ್ದರು: ವೆನಿಸ್‌ನ ವರ್ತಕ ಚೆಸಾರೆ ಫೆದೆರಿಚಿ 1567ರಲ್ಲಿ, ತಾಳಿಕೋಟೆ ಯುದ್ಧವಾಗಿ ಎರಡೇ ವರ್ಷಕ್ಕೆ, ವಿಜಯನಗರದಲ್ಲಿ ತಿಂಗಳುಗಟ್ಟಲೆ ತಂಗಿದ್ದ. ಮನೆಗಳು ನಿಂತೇ ಇದ್ದವು, ಒಳಗೆ ಜನರಿರಲಿಲ್ಲ ಎಂದು ಬರೆದಿಟ್ಟವನು ಅವನು. ಇಂಥವರು ಸ್ವಂತ ಧೈರ್ಯದ ಮೇಲೆ ಬಂದವರು. ಊರಿನ ದೊಡ್ಡ ಮನೆತನಗಳೋ ಆಗಲೇ ಒಳನಾಡಿನಲ್ಲಿ ಜಮೀನು ಕೊಳ್ಳುತ್ತಿದ್ದವು. ವಾಸ್ತುಶಿಲ್ಪಿ ಪಲ್ಲಾಡಿಯೊ ಕಟ್ಟಿಕೊಟ್ಟ ಸುಂದರ ಹಳ್ಳಿಮನೆಗಳಿಗೆ ಸುರಿದದ್ದು ಹಡಗಿಗೆ ಹೋಗಬೇಕಾಗಿದ್ದ ಹಣ. ಡಚ್ಚರೂ ಇಂಗ್ಲಿಷರೂ ಕಂಪನಿ ಕಟ್ಟಿ, ಸಾಮಾನ್ಯರ ಹಣವನ್ನೂ ಸೇರಿಸಿ ಪೂರ್ವಕ್ಕೆ ಹಡಗು ಬಿಟ್ಟಾಗ, ವೆನಿಸ್‌ನ ಯಜಮಾನರು ಗೇಣಿಯ ಲೆಕ್ಕ ನೋಡುತ್ತಿದ್ದರು.

ಉಳಿದದ್ದು ಬೇಗ ಹೇಳಬಹುದು. 1571ರಲ್ಲಿ ಸೈಪ್ರಸ್ ಹೋಯಿತು. 1630ರ ಪ್ಲೇಗು ನಗರದ ಮೂರರಲ್ಲೊಂದು ಪಾಲು ಜನರನ್ನು ಒಯ್ದಿತು. ಕ್ರೀಟ್ ದ್ವೀಪಕ್ಕಾಗಿ 1645ರಿಂದ 1669ರವರೆಗೆ ತುರ್ಕರೊಂದಿಗೆ ಕಾದಾಡಿ, ಅದನ್ನೂ ಬಿಟ್ಟುಕೊಟ್ಟಾಯಿತು. ಆ ಯುದ್ಧದ ಖರ್ಚಿಗೆ ಮಹಾಸಭೆಯ ಬಾಗಿಲನ್ನು ಮತ್ತೆ ತೆರೆದರು. ಒಳಬರಲು ಒಂದು ಲಕ್ಷ ಡ್ಯುಕಾಟ್. ಬರಿಗೈಯಲ್ಲಿ ಹಡಗು ಹತ್ತುವ ಹುಡುಗನಿಗೆ ಆಗಲೂ ಜಾಗವಿರಲಿಲ್ಲ.

1797ರ ಮೇ 12ರಂದು ನೆಪೋಲಿಯನ್ನನ ಬೆದರಿಕೆಗೆ ಮಣಿದು ಮಹಾಸಭೆ ತನ್ನನ್ನು ತಾನೇ ರದ್ದುಮಾಡಿಕೊಂಡಿತು. ಕಾನೂನಿನಂತೆ ಕೋರಂಗೆ 600 ಜನ ಬೇಕು, ಬಂದವರು 537. ಒಪ್ಪಿದವರು 512, ವಿರೋಧಿಸಿದವರು 20, ತಟಸ್ಥರು 5. ಅದೇ ವರ್ಷ ಅಕ್ಟೋಬರಿನಲ್ಲಿ ನೆಪೋಲಿಯನ್ ವೆನಿಸ್ಸನ್ನು ಆಸ್ಟ್ರಿಯಾಕ್ಕೆ ಒಪ್ಪಿಸಿದ. ಮೇ 12ರ ಸಂಜೆ ಶ್ರೀಮಂತರು ಅವಸರದಲ್ಲಿ ಸಭೆಯಿಂದ ಚದುರಿದರೆ, ಬೀದಿಗಿಳಿದು ಸಂತ ಮಾರ್ಕ್‌ಗೆ ಜಯಕಾರ ಹಾಕಿದವರು, ಗಣರಾಜ್ಯದ ಧ್ವಜ ಎತ್ತಿದವರು, ಫ್ರೆಂಚರ ಪರವೆಂದು ಶಂಕೆಯಿದ್ದವರ ಮನೆಗಳಿಗೆ ನುಗ್ಗಿದವರು ಸಾಮಾನ್ಯ ಜನ. ಐನೂರು ವರ್ಷ ಆ ಸಭೆಯ ಹೊಸ್ತಿಲು ತುಳಿಯಲು ಅವರನ್ನು ಬಿಟ್ಟಿರಲಿಲ್ಲ. ರಿಯಾಲ್ಟೊ ಸೇತುವೆಯಲ್ಲಿ ಅವರ ಮೇಲೆ ತೋಪು ಹಾರಿಸಿ ಗಲಭೆ ಅಡಗಿಸಲಾಯಿತು.