ನಿಮಗಿದು ಗೊತ್ತೇ? ಬಾಟಲಿಗೂ ಬಾಲ್ಯಕ್ಕೂ ನಂಟು!

ಖಾನಾಪುರ ತಾಲ್ಲೂಕಿನ ಕಣಕುಂಬಿ ಚೆಕ್‌ಪೋಸ್ಟ್‌ನಲ್ಲಿ ಗೋವಾ ಮದ್ಯ ಹಿಡಿದ ಸುದ್ದಿ ಬೆಳಗಾವಿಯವರಿಗೆ ಹೊಸದಲ್ಲ. ಬಾಟಲಿ ಅಬಕಾರಿಯವರ ಕಣ್ಣಿಗೆ ಬೀಳುತ್ತದೆ, ಸರಿ. ಕುಡಿಯುವವನ ಮನಸ್ಸಿಗೆ ಎಂದೋ ಬಿದ್ದ ಪೆಟ್ಟು? ಅದನ್ನು ಪತ್ತೆ ಹಚ್ಚಿದವರೂ ಇದ್ದಾರೆ!

ಅಮೆರಿಕದ ಸ್ಯಾನ್ ಡಿಯಾಗೋ, 1985. ವೈದ್ಯ ವಿನ್ಸೆಂಟ್ ಫೆಲಿಟ್ಟಿ ಅವರ ತೂಕ ಇಳಿಸುವ ಕ್ಲಿನಿಕ್‌ನಲ್ಲಿ ವಿಚಿತ್ರವೊಂದು ನಡೆಯಿತು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಚಿಕಿತ್ಸೆ ಬಿಟ್ಟು ಹೋಗತೊಡಗಿದರು! ಕೂರಿಸಿ ಕೇಳಿದರೆ, ಎಷ್ಟೋ ಮಂದಿ ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದವರು. ಕೆಲವರಿಗೆ ದಪ್ಪ ಮೈಯೇ ರಕ್ಷಣೆ ಅನಿಸಿತ್ತಂತೆ.

ಆ ಎಳೆ ಹಿಡಿದು ಫೆಲಿಟ್ಟಿ ಮತ್ತು ಸಂಶೋಧಕ ರಾಬರ್ಟ್ ಆಂಡಾ 9 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದರು. ಚಿಕ್ಕವರಿದ್ದಾಗ ಹೊಡೆತ ತಿಂದಿರಾ? ಮನೆಯಲ್ಲಿ ಕುಡುಕರಿದ್ದರಾ? ತಾಯಿಗೆ ಏಟು ಬೀಳುತ್ತಿತ್ತಾ? 1998ರಲ್ಲಿ ಉತ್ತರ ಅಚ್ಚಾಯಿತು. ಇಂಥ ನಾಲ್ಕು ಅಥವಾ ಹೆಚ್ಚು ಬಗೆಯ ನೋವು ಉಂಡವರಲ್ಲಿ ಕುಡಿತದ ಚಟದ ಸಾಧ್ಯತೆ ಇಂಥ ಯಾವ ನೋವೂ ಉಣ್ಣದವರಿಗಿಂತ ಸುಮಾರು 7 ಪಟ್ಟು! ಮಾದಕ ವಸ್ತು ಚುಚ್ಚಿಕೊಳ್ಳುವ ಸಾಧ್ಯತೆ 10 ಪಟ್ಟು! (ನೋವುಂಡವರೆಲ್ಲ ಚಟಕ್ಕೆ ಬೀಳುವುದಿಲ್ಲ, ಗಾಬರಿ ಬೇಡ.)

ಒಮ್ಮೆ ಹಿಡಿದ ಚಟ ಬಿಡುವುದೇ ಇಲ್ಲವೇ? ಮರಾಠಾ ಲೈಟ್ ಇನ್‌ಫೆಂಟ್ರಿಯ ಊರು ಬೆಳಗಾವಿಗೆ ಒಂದು ಸೈನಿಕರ ಕಥೆ. ವಿಯೆಟ್ನಾಂನಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಐವರಲ್ಲೊಬ್ಬ ಹೆರಾಯಿನ್ ದಾಸ. ಊರಿಗೆ ಮರಳಿದ ಮೊದಲ ವರ್ಷ ಅವರಲ್ಲಿ ಮತ್ತೆ ದಾಸರಾದವರು ನೂರಕ್ಕೆ ಐವರಷ್ಟೇ! ಸಂಶೋಧಕಿ ಲೀ ರಾಬಿನ್ಸ್ ಈ ಲೆಕ್ಕ ಕೊಟ್ಟಾಗ ಬಹಳ ಮಂದಿ ನಂಬಲೇ ಇಲ್ಲ.

ಕೆಟ್ಟ ನೆನಪು ಮರೆತು ಮಲಗಲೆಂದು ಕುಡಿಯುತ್ತಾರಲ್ಲ? ಮದ್ಯ ನಿದ್ದೆ ಬೇಗ ತರುತ್ತದೆ, ನಡುರಾತ್ರಿಯ ಮೇಲೆ ಅದೇ ಕೆಡಿಸುತ್ತದೆ!

ಕೆಟ್ಟ ನೆನಪಿಗೆ ಬೇರೆ ಮದ್ದಿದೆ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸೀನ್ ಶಪಿರೊ ಉದ್ಯಾನದಲ್ಲಿ ನಡೆಯುತ್ತಿದ್ದರು. ಕಣ್ಣು ಅತ್ತಿತ್ತ ಆಡಿದಂತೆ ಕಾಡುವ ಯೋಚನೆ ಹಗುರಾಯಿತು. ಅದೇ ಚಿಕಿತ್ಸೆಯಾಯಿತು! ಆಘಾತದಿಂದ ಬಳಲುವವರಿಗೆ ಇದನ್ನೂ, ಮಾತಿನ ಚಿಕಿತ್ಸೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿತು. ಕಣ್ಣಾಡಿಸಿದರೆ ಮನಸ್ಸೇಕೆ ಹಗುರ? ಪಂಡಿತರ ಜಗಳ ಇನ್ನೂ ಮುಗಿದಿಲ್ಲ, ನಮಗ್ಯಾಕೆ ಬಿಡಿ!

ಇದೊಂದು ನೆನಪಿಡಿ: ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ವೈದ್ಯರ ಕಣ್ಗಾವಲಲ್ಲೇ ಬಿಡಬೇಕು.

ದೂರ ಹೋಗಬೇಕಿಲ್ಲ. ಪಕ್ಕದ ಧಾರವಾಡದಲ್ಲೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಅದರ ಬೇರು 1845ರದ್ದು! ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡೂ ಇದೆ. ಖಾನಾಪುರದವರೇ, ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿಯವರೆಗೂ ಕಾಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿಮಾನಸ್ ಸಹಾಯವಾಣಿ, ಹಗಲೂ ರಾತ್ರಿಯೂ, ಕನ್ನಡದಲ್ಲೇ, ಪೂರ್ತಿ ಉಚಿತ!