ಹಳದಿ ಪುಡಿ ಬಿಟ್ಟರೆ ಕೋಳಿಗೆ ಏನು?

ಆಡೂರಿನ ನನ್ನ ಅಂಗಡಿಯಲ್ಲಿ ಹಿಂಡಿ, ಬೂಸಾ, ಕೋಳಿ ಫೀಡ್ ಮಾರುತ್ತೇನೆ. ಹಿಂದೆ ಶೆಡ್ಡಿಗೆ ಮರಿ ಇಳಿಸಿದ ದಿನವೇ ಗಿರಾಕಿ ಬಂದು, ‘ಅಣ್ಣಾರ, ಆ ಹಳದಿ ಪುಡಿ ಕೊಡ್ರಿ’ ಎಂದು ಆಂಟಿಬಯಾಟಿಕ್ ಕೇಳುತ್ತಿದ್ದರು. ಇನ್ನೂ ರೋಗ ಬಂದಿಲ್ಲವಲ್ಲ ಎಂದರೆ, ‘ಬರಬಾರದಲ್ರೀ, ಅದಕ್ಕ’ ಎಂಬ ಉತ್ತರ. ಈಗೀಗ ಕೆಲವರು ‘ಆಂಟಿಬಯಾಟಿಕ್ ಇಲ್ಲದ್ದು ಏನೈತ್ರಿ?’ ಎಂದೂ ಕೇಳುತ್ತಾರೆ.

ಮೇವಿಗೆ ಆಂಟಿಬಯಾಟಿಕ್ ಬೆರೆಸುವ ಈ ರೂಢಿ ಹುಟ್ಟಿದ್ದು ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ. ಆರಿಯೋಮೈಸಿನ್ ಎಂಬ ಆಂಟಿಬಯಾಟಿಕ್ ತಯಾರಿಸಿದ ಮೇಲೆ ಉಳಿಯುತ್ತಿದ್ದ ಚರಟವನ್ನು ಥಾಮಸ್ ಜೂಕ್ಸ್, ರಾಬರ್ಟ್ ಸ್ಟೋಕ್‌ಸ್ಟಡ್ ಎಂಬ ಇಬ್ಬರು ಮರಿಗಳಿಗೆ ತಿನ್ನಿಸಿದರು. ಅವರು ಹುಡುಕುತ್ತಿದ್ದದ್ದು ಬಿ-12 ಜೀವಸತ್ವವನ್ನು. ಮರಿಗಳು ಆ ಲೆಕ್ಕವನ್ನೂ ಮೀರಿ ಬೆಳೆದವು. 1950ರಲ್ಲಿ ಸುದ್ದಿ ಹೊರಬಿತ್ತು.

ಟನ್ ಫೀಡಿಗೆ ಕೆಲವೇ ಗ್ರಾಂ ಬೆರೆಸಿದ ಔಷಧ ಕರುಳಿನ ಬ್ಯಾಕ್ಟೀರಿಯಾಗಳನ್ನೆಲ್ಲ ಕೊಲ್ಲುವುದಿಲ್ಲ. ಸಾಯದೆ ಉಳಿದವು ಬೆಳೆಯುತ್ತವೆ, ಔಷಧಕ್ಕೆ ಜಗ್ಗದ ಗುಣವನ್ನು ನೆರೆಯ ಬ್ಯಾಕ್ಟೀರಿಯಾಗೂ ದಾಟಿಸುತ್ತವೆ. ಬೇರಾವ ಔಷಧವೂ ನಾಟದ ರೋಗಿಗೆ ಐಸಿಯುನಲ್ಲಿ ಕೊಡುವ ಕೊಲಿಸ್ಟಿನ್ನಿಗೂ ಇದೇ ಗತಿ ಬಂತು. ಹಾಗೆ ದಾಟಿ ಹೋಗುವ ಜೀನು ಚೀನಾದಲ್ಲಿ ಪತ್ತೆಯಾದದ್ದು 2015ರಲ್ಲಿ. ಭಾರತ 2019ರ ಜುಲೈಯಲ್ಲಿ ಕೊಲಿಸ್ಟಿನ್ನನ್ನು ಕೋಳಿ, ದನ, ಮೀನು ಸಾಕಣೆಯಲ್ಲಿ ನಿಷೇಧಿಸಿತು. ಸ್ವೀಡನ್ 1986ರಲ್ಲೇ, ಇಡೀ ಯುರೋಪಿಯನ್ ಒಕ್ಕೂಟ 2006ರಲ್ಲಿ, ಬೆಳವಣಿಗೆಗೆಂದು ಮೇವಿಗೆ ಆಂಟಿಬಯಾಟಿಕ್ ಬೆರೆಸುವುದನ್ನು ನಿಲ್ಲಿಸಿದ್ದವು.

ಬದಲಿಗೆ ಏನೇನಿದೆ? ಯೀಸ್ಟಿನ ಹೊರಕವಚದಿಂದ ಮಾಡಿದ ಪುಡಿಯದು ಸೊಗಸಾದ ಉಪಾಯ. ಅದರಲ್ಲಿರುವ ಒಂದು ಬಗೆಯ ಸಕ್ಕರೆಗೆ ಕೆಡುಕಿನ ಬ್ಯಾಕ್ಟೀರಿಯಾ ಕರುಳೆಂದೇ ತಿಳಿದು ಅಂಟಿಕೊಂಡು, ಹಿಕ್ಕೆಯ ಜೊತೆ ಹೊರಗೆ ಹೋಗುತ್ತದೆ. ಫಾರ್ಮಿಕ್, ಬ್ಯುಟಿರಿಕ್‌ನಂಥ ಸಾವಯವ ಆಮ್ಲಗಳು ಸಾಲ್ಮೊನೆಲ್ಲಾವನ್ನು ಹತ್ತಿಕ್ಕುತ್ತವೆ. ಪ್ರೊಬಯಾಟಿಕ್ ಎಂದರೆ ಒಳ್ಳೆಯ ಬ್ಯಾಕ್ಟೀರಿಯಾ. ಇಲ್ಲಿ ಮಾತ್ರ ಪೊಟ್ಟಣದ ಹಿಂಬದಿ ಓದಬೇಕು: ಮೊಸರಿನ ಜಾತಿಯ ಲ್ಯಾಕ್ಟೋಬ್ಯಾಸಿಲಸ್ ಗುಳಿಗೆ ಫೀಡ್ ಮಾಡುವ ಬಿಸಿಯನ್ನು ಸಾಮಾನ್ಯವಾಗಿ ತಾಳುವುದಿಲ್ಲ, ಬ್ಯಾಸಿಲಸ್ ಸಬ್ಟಿಲಿಸ್‌ನ ಬೀಜಾಣು ತಾಳುತ್ತದೆ. ನೀರಿನಲ್ಲಿ ಕೊಡುವುದಾದರೆ ಬ್ಲೀಚಿಂಗ್ ಪೌಡರ್ ಹಾಕಿದ ನೀರು ಬೇಡ. ಅರಿಶಿನ, ಬೆಳ್ಳುಳ್ಳಿಯನ್ನೂ ಮಾರುತ್ತೇನೆ, ಅವುಗಳ ಗುಣ ಒಂದು ಕಡೆ ಕಂಡಷ್ಟು ಇನ್ನೊಂದು ಕಡೆ ಕಾಣುವುದಿಲ್ಲ.

ಹಳದಿ ಪುಡಿ ಮಾಡುತ್ತಿದ್ದ ಕೆಲಸವನ್ನು ಇವುಗಳಲ್ಲಿ ಯಾವುದೂ ಒಂದೇ ಮಾಡುವುದಿಲ್ಲ. ಶೆಡ್ಡಿನ ಕೊಳಕನ್ನು ಆ ಪುಡಿ ಮುಚ್ಚಿಡುತ್ತಿತ್ತು, ನಿಜವಾದ ಗುಟ್ಟು ಅದು. ಬಂದವರಿಗೆ ಮೊದಲು ಹೇಳುವುದು, ನೆಲಕ್ಕೆ ಹಾಸಿದ ಭತ್ತದ ಹೊಟ್ಟನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ ಎಂದು. ಕೈ ಬಿಟ್ಟ ಕೂಡಲೇ ಉದುರಿದರೆ ಸರಿ. ಉಂಡೆಯಾಗಿ ನಿಂತರೆ ನೀರಿನ ಡ್ರಿಂಕರ್ ಎಲ್ಲೋ ಸೋರುತ್ತಿದೆ, ರಕ್ತಭೇದಿ ಅಲ್ಲಿಂದಲೇ ಶುರು.

ರೋಗದ ಇನ್ನೊಂದು ಬೇರು ನಮ್ಮ ಹೊಲದಲ್ಲೇ ಇದೆ. ಹಾನಗಲ್ಲ, ಶಿಗ್ಗಾಂವಿ ಕಡೆಯ ಗೋವಿನಜೋಳ ಲಾರಿ ಹತ್ತಿ ಹೋಗಿ, ಫೀಡಿನ ಚೀಲವಾಗಿ ನನ್ನ ಅಂಗಡಿಗೆ ತಿರುಗಿ ಬರುತ್ತದೆ. ರಾಶಿ ಮಾಡುವ ಹೊತ್ತಿಗೆ ಮಳೆ ಹಿಡಿದರೆ ಕಾಳಿಗೆ ಹಸಿರು ಬೂಷ್ಟು. ಅದು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಕೋಳಿಯ ಪಿತ್ತಜನಕಾಂಗ ಕೆಡಿಸುತ್ತದೆ, ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಲಸಿಕೆ ಹಾಕಿದ್ದರೂ ಸರಿಯಾಗಿ ಹತ್ತುವುದಿಲ್ಲ. ಅಂಥ ಹಕ್ಕಿಗೆ ಯಾವ ಪ್ರೊಬಯಾಟಿಕ್ ಕೊಟ್ಟು ಏನು ಮಾಡುವುದು?

ಕಾಳು ಒಣಗಿದೆಯೇ ಎಂದು ನೋಡಲು ಯಂತ್ರವೇ ಬೇಕೆಂದಿಲ್ಲ. ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಪಾಲು ಕಾಳು, ಎರಡು ಮೂರು ಚಮಚ ಒಣ ಪುಡಿ ಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಡಿ. ಉಪ್ಪು ಗಾಜಿಗೆ ಹತ್ತಿಕೊಂಡರೆ ತೇವ ನೂರಕ್ಕೆ 15ಕ್ಕಿಂತ ಮೇಲಿದೆ. ತುಂಬಿಡಲು 14ರೊಳಗಿರಬೇಕು.

ಅಂಗಡಿಗೆ ಬರುವ ರೈತರಿಗೆ ಇದನ್ನು ಮಾಡಿ ತೋರಿಸುತ್ತೇನೆ, ಅವರು ತಲೆಯಾಡಿಸಿ ಹಸಿ ಜೋಳವನ್ನೇ ಮಾರುತ್ತಾರೆ. ಒಣಗಿದಷ್ಟೂ ತೂಕ ಇಳಿಯುತ್ತದೆ. ಆ ತೂಕದ ನಷ್ಟ ತುಂಬಿಕೊಡುವ ದರ ಸಿಗದಿದ್ದಾಗ, ‘ಇನ್ನೆರಡು ದಿನ ತಾಡಪತ್ರಿ ಮ್ಯಾಲ ಹರವ್ರಿ’ ಎನ್ನಲು ನನಗೂ ಬಾಯಿ ಬರುವುದಿಲ್ಲ.