ಒಂಬತ್ತು ಸೆಕೆಂಡಿನಲ್ಲಿ ಎಂಟೂವರೆ ಶತಮಾನ

ಕಿತ್ತೂರಿನಿಂದ ಐದಾರು ಕಿಲೋಮೀಟರ್ ಹೋದರೆ ದೇಗಾಂವ. ಗೋವೆಯ ಕದಂಬರ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿ ಅಲ್ಲಿದೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಗುಡಿಗೆ 850 ವರ್ಷ ಎಂದಿಟ್ಟುಕೊಳ್ಳೋಣ. ಸೆಕೆಂಡುಗಳಲ್ಲಿ ಎಣಿಸಿದರೆ ಸುಮಾರು 2,680 ಕೋಟಿ.

ಈಗ ಒಂದು ಸಾಮಾನ್ಯ ಲ್ಯಾಪ್‌ಟಾಪ್ ತೆರೆಯಿರಿ. ಅದರ ಪ್ರೊಸೆಸರ್ 3 ಗಿಗಾಹರ್ಟ್ಸ್‌ನದಾದರೆ ಒಂದೊಂದು ಕೋರ್ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುತ್ತದೆ. ಗುಡಿ ಕಂಡ ಅಷ್ಟೂ ಸೆಕೆಂಡುಗಳ ಲೆಕ್ಕವನ್ನು ಅದು ಮುಟ್ಟುವುದಕ್ಕೆ 9 ಸೆಕೆಂಡು ಸಾಕು. ಎಂಟು ಕೋರ್‌ಗಳು ಕೂಡಿದರೆ ಒಂದು ಸೆಕೆಂಡಿನ ಮೇಲೆ ತುಸು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಅಣಿಯಾದ ‘ಪರಮ್ ಪ್ರವೇಗ’ದ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಗುಡಿಗೆ ಮೊದಲ ಕಲ್ಲು ಬಿದ್ದಂದಿನಿಂದ ಒಬ್ಬ ಸೆಕೆಂಡಿಗೊಂದರಂತೆ ಲೆಕ್ಕ ಮಾಡುತ್ತ ಕೂತಿದ್ದರೆ, ಅವನ ಅಷ್ಟೂ ಕೆಲಸ ಪ್ರವೇಗಕ್ಕೆ ಒಂದು ಸೆಕೆಂಡಿನ 10 ಲಕ್ಷ ಭಾಗಗಳಲ್ಲಿ ಎಂಟು ಭಾಗದಷ್ಟು ಹೊತ್ತಿನದು.

ಇಷ್ಟು ವೇಗದ ಅಂಗಳದಲ್ಲಿ ಯಾರು ಯಾರು ದುಡಿಯುತ್ತಿದ್ದಾರೆ ಎಂದು ಹಾಜರಿ ಕರೆಯುವುದು ಹೇಗೆ?

ಕಂಪ್ಯೂಟರಿನಲ್ಲಿ ಓಡುತ್ತಿರುವ ಒಂದೊಂದು ಕೆಲಸಕ್ಕೂ ಪ್ರೊಸೆಸ್ ಎಂದು ಹೆಸರು. ನೀವು ಏನನ್ನೂ ತೆರೆಯದೆ ಸುಮ್ಮನೆ ಬಿಟ್ಟರೂ ಒಳಗೆ ನೂರಾರು ಪ್ರೊಸೆಸ್‌ಗಳಿರುತ್ತವೆ. ಬಹುಪಾಲು ನಿದ್ದೆಯಲ್ಲಿ, ಕೆಲವು ಸರದಿಯಲ್ಲಿ. ಒಬ್ಬರ ಪಾಳಿ ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಮೂರು ಭಾಗ ಎಂದು ಹಿಡಿಯಿರಿ. ಅಷ್ಟರಲ್ಲೇ 90 ಲಕ್ಷ ಮಿಡಿತ ಆಗಿಹೋಗಿರುತ್ತದೆ.

ಪ್ರತಿ ಪ್ರೊಸೆಸ್‌ಗೂ ಒಂದು ಸಂಖ್ಯೆ ಉಂಟು. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಅದಕ್ಕೆ ಮೊದಲಿಂದ ಬಂದ ಮಿತಿ 32,768. 64 ಬಿಟ್ ಯಂತ್ರದಲ್ಲಿ ಅದನ್ನು 41,94,304ರ ತನಕ ಏರಿಸಬಹುದು. ಆ ಪಟ್ಟಿ ಪೂರಾ ತುಂಬಿತೆನ್ನಿ. ಹೆಸರಿಗೊಂದು ಸೆಕೆಂಡಿನಂತೆ, ಊಟ ನಿದ್ದೆ ಬಿಟ್ಟು ಕೂಗಿದರೂ ಹಾಜರಿ ಮುಗಿಯಲು 48 ದಿನ ಮೀರುತ್ತದೆ. ಒಂದೊಂದು ಹೆಸರಿನ ಮುಂದೆಯೂ ಲಿನಕ್ಸ್ 52 ಕಲಮುಗಳಲ್ಲಿ ವಿವರ ಕೊಡುತ್ತದೆ: ತಾಯಿ ಪ್ರೊಸೆಸ್ ಯಾವುದು, ಹುಟ್ಟಿದ್ದು ಯಾವಾಗ, ಉಂಡ ಮೆಮರಿ ಎಷ್ಟು. 300 ಪ್ರೊಸೆಸ್‌ಗಳಿರುವ ಸಣ್ಣ ಯಂತ್ರದಲ್ಲೂ 15,600 ಕಲಮು. ತುಂಬಿದ ಪಟ್ಟಿಯಲ್ಲಿ 21 ಕೋಟಿ 81 ಲಕ್ಷ.

ಮನುಷ್ಯನಿಗೆ ಯಂತ್ರದ ತೊಂದರೆ ತಿಳಿಯಲು ಪಟ್ಟಿಯೇ ಬೇಕಿಲ್ಲ. ಫ್ಯಾನು ಗೊರ್ರೆನ್ನುತ್ತದೆ, ತೊಡೆ ಬಿಸಿಯಾಗುತ್ತದೆ, ಪರದೆ ಕದಲದೆ ನಿಲ್ಲುತ್ತದೆ. ನಮ್ಮ ಪರವಾಗಿ ಯಂತ್ರ ನಡೆಸಲು ಬಂದಿರುವ ಎಐ ಏಜೆಂಟಿಗೆ ಕಿವಿಯಿಲ್ಲ, ತೊಡೆಯಿಲ್ಲ. ಅದು ‘ಯಾರು ಯಾರಿದ್ದೀರಿ’ ಎಂದು ಕೇಳುವ ಒಂದು ಸಾಧನವನ್ನು ಕರೆಯಬೇಕು. ಬಂದ ಪಠ್ಯವನ್ನು ಓದಬೇಕು. ಒಮ್ಮೆಗೆ ಅದು ನೆನಪಿನಲ್ಲಿಟ್ಟುಕೊಳ್ಳಬಲ್ಲ ಪಠ್ಯಕ್ಕೂ ಮಿತಿಯಿದೆ. ಹದಿನೈದು ಸಾವಿರ ಕಲಮು ಸುರಿದರೆ, ಯಾಕೆ ಕೇಳಿದೆನೆಂಬುದೇ ಆ ರಾಶಿಯಲ್ಲಿ ಹೂತುಹೋದೀತು. ಹಾಗಾಗಿ ಒಳ್ಳೆಯ ಸಾಧನ ಕಣದಲ್ಲಿ ಕಾಳು ತೂರಿದಂತೆ ತೂರುತ್ತದೆ. ಹೆಚ್ಚು ಮೆಮರಿ ಉಂಡ ಹತ್ತು, ಇಂಥ ಹೆಸರಿನವು ಮಾತ್ರ, ಇಂಥವರು ಶುರು ಮಾಡಿದವು ಮಾತ್ರ. ಕೆಲವು ಪ್ರೊಸೆಸ್‌ಗಳ ಆಜ್ಞೆಯ ಸಾಲಿನಲ್ಲಿ ಪಾಸ್‌ವರ್ಡೇ ಬರೆದಿರುತ್ತದೆ. ಅದನ್ನು ಮುಚ್ಚಿಡುವುದೂ ಸಾಧನದ ಕೆಲಸ.

ಇನ್ನೊಂದು ತೊಡಕು ಸಂಖ್ಯೆಯೊಳಗೇ ಇದೆ. ಮಿತಿ ಮುಟ್ಟಿದ ಮೇಲೆ ಎಣಿಕೆ ಹಿಂದಕ್ಕೆ ಹೋಗುತ್ತದೆ, ಹಳೆಯ ಸಂಖ್ಯೆ ಹೊಸಬನಿಗೆ ಸಿಗುತ್ತದೆ. ಪಟ್ಟಿ ನೋಡಿ, ಯೋಚಿಸಿ, ‘4,512ನ್ನು ನಿಲ್ಲಿಸು’ ಎನ್ನಲು ಏಜೆಂಟಿಗೆ 9 ಸೆಕೆಂಡು ಹಿಡಿಯಿತು ಎನ್ನಿ. ಕೋರಿನ ಲೆಕ್ಕದಲ್ಲಿ ಅಷ್ಟರೊಳಗೆ ಗುಡಿಯ ಆಯುಸ್ಸೇ ಸಂದಿದೆ. 4,512 ಈಗ ಬೇರೆ ಯಾರೋ ಆಗಿರಬಹುದು. ಊರಿನಲ್ಲಿ ನಾಲ್ಕು ಜನ ಬಸವರಾಜರಿದ್ದರೆ ಅಪ್ಪನ ಹೆಸರು ಕೇಳುತ್ತೇವಲ್ಲ, ಹಾಗೆ ಸಂಖ್ಯೆಯ ಜೊತೆಗೆ ಹುಟ್ಟಿದ ಹೊತ್ತನ್ನೂ ತಾಳೆ ನೋಡಬೇಕು. 52 ಕಲಮುಗಳಲ್ಲಿ 22ನೆಯದು ಅದೇ. ಯಂತ್ರ ಎದ್ದ ಗಳಿಗೆಯಿಂದ ಸಾಮಾನ್ಯವಾಗಿ ಸೆಕೆಂಡಿನ ನೂರನೆಯ ಒಂದು ಭಾಗದ ಅಳತೆಯಲ್ಲಿ ಅದು ಬರೆದಿರುತ್ತದೆ.

ಪಟ್ಟಿಯಲ್ಲಿ ‘ಜೆಡ್’ ಗುರುತಿನವೂ ಸಿಕ್ಕಾವು. ಕೆಲಸ ಮುಗಿಸಿ ಸತ್ತಿವೆ, ತಾಯಿ ಪ್ರೊಸೆಸ್ ಇನ್ನೂ ವಿಚಾರಿಸಿಕೊಂಡಿಲ್ಲ, ಹೆಸರಷ್ಟೇ ಉಳಿದಿದೆ. ಇವನ್ನು ಕೊಲ್ಲಹೊರಟ ಏಜೆಂಟು ಎಷ್ಟು ಸಲ ಯತ್ನಿಸಿದರೂ ಸೋಲುತ್ತದೆ. ತಾಯಿ ಒಮ್ಮೆ ವಿಚಾರಿಸಿಕೊಂಡರೆ ಸಾಕು, ಆ ಸಾಲು ಅಳಿಯುತ್ತದೆ. ಮುಂದೆ ಎಷ್ಟು ಸಲ ಹಾಜರಿ ಕರೆದರೂ ಅದು ಬರುವುದಿಲ್ಲ.

ದೇಗಾಂವದ ಗುಡಿಗೆ ಕಲ್ಲು ಹೊತ್ತವರೆಷ್ಟೋ, ಉಳಿ ಹಿಡಿದವರೆಷ್ಟೋ. 2,680 ಕೋಟಿ ಸೆಕೆಂಡು ದಾಟಿ ನಮ್ಮ ತನಕ ಬಂದ ಶಿಲ್ಪಿಯ ಹೆಸರು ಒಂದು: ತಿಪ್ಪೋಜ.